ತೋಳ ತಿಂದ ಕುರಿ ಯಾರ ಲೆಕ್ಕಕ್ಕೆ?

"ತೋಳ ಬಂತು ತೋಳ" ಕಥೆ ಗೊತ್ತಿಲ್ಲದವರು ನಮ್ಮ ಕ್ಯಾಂಪಸ್‌ನಲ್ಲಿ ಯಾರೂ ಇರಲಿಕ್ಕಿಲ್ಲ. ನಾನು ಓದಿದ ಇಂಗ್ಲಿಷ್ ಮೀಡಿಯಂ ಪುಸ್ತಕದಲ್ಲಿ ಆ ಕಥೆಗೆ ಒಂದು ಚಿತ್ರ ಇತ್ತು: ಸುತ್ತ ಹಿಮ, ಮೈತುಂಬ ದಪ್ಪ ಕೂದಲಿನ ತೋಳ. ಅದನ್ನ ನೋಡಿದ ಯಾವ ಹುಡುಗನಿಗೂ ತೋಳ ಅಂದ್ರೆ ಫಾರಿನ್ ಪ್ರಾಣಿ ಅಂತಲೇ ಅನಿಸುತ್ತೆ. ಆದರೆ ಬೈಲಹೊಂಗಲದಿಂದ ಸವದತ್ತಿ ದಾಟಿ ರಾಮದುರ್ಗದ ಕಡೆ ಬಸ್ಸಿನಲ್ಲಿ ಹೋದರೆ ಎಡಕ್ಕೂ ಬಲಕ್ಕೂ ಕಾಣುವ ಕುರುಚಲು ಗುಡ್ಡ, ಮಡ್ಡಿ, ಗಾಯರಾಣ ಇದೆಯಲ್ಲ, ತೋಳಕ್ಕೆ ಬೇಕಾದ ನೆಲ ಅಂದ್ರೆ ಅದೇ. ಹಿಮ ಇಲ್ಲ, ದಪ್ಪ ಕೂದಲೂ ಇಲ್ಲ. ಕುರಿ ಮಾತ್ರ ಬೇಕಾದಷ್ಟಿವೆ.

ಬೆಟ್ಟಗುಡ್ಡದಲ್ಲಿ ಅಪಾಯದ ಅಂಚಿನಲ್ಲಿರುವ ಪ್ರಾಣಿಯನ್ನ ಅಲ್ಲಿನ ಜನರೇ ಉಳಿಸಿಕೊಂಡ ಉದಾಹರಣೆ ಇದೆಯಾ? ಇದ್ದರೆ ಅದು ಹೇಗೆ ಕೆಲಸ ಮಾಡ್ತು? ಅದನ್ನ ತಂದು ನಮ್ಮ ಗುಡ್ಡಕ್ಕೆ ಹಚ್ಚಬಹುದಾ? ಈ ಮೂರು ಪ್ರಶ್ನೆ ಇಟ್ಟುಕೊಂಡು ಓದ್ತಾ ಹೋದಾಗ ಸಿಕ್ಕಿದ್ದನ್ನ ಇಲ್ಲಿ ಹಂಚಿಕೊಳ್ತೀನಿ. ನಡುವೆ ಸ್ವಲ್ಪ ಗಣಿತ ಬರುತ್ತೆ. ಎಕ್ಸಾಮಿಗೆ ಓದೋ ಗಣಿತವೇ, ಹೆದರಬೇಡಿ.

ನಮ್ಮ ಗುಡ್ಡ ಯಾವ ತರದ್ದು

ಕಿತ್ತೂರಿನ ಕಡೆ ಇನ್ನೂ ಮಲೆನಾಡಿನ ವಾಸನೆ ಇದೆ, ಭತ್ತ ಬೆಳೀತಾರೆ. ಬೈಲಹೊಂಗಲಕ್ಕೆ ಬಂದರೆ ಎರಿ ಭೂಮಿ. ಸವದತ್ತಿಯಲ್ಲಿ ನೆಲ ಮತ್ತೆ ಮೇಲೇಳುತ್ತೆ: ಎಲ್ಲಮ್ಮನ ಗುಡ್ಡ, ನವಿಲುತೀರ್ಥದ ಕಮರಿ, ಮೇಲೆ ಚಪ್ಪಟೆಯಾದ ಮರಳುಗಲ್ಲಿನ ಸಾಲು. ಅಲ್ಲಿಂದ ರಾಮದುರ್ಗಕ್ಕೆ ಹೋಗ್ತಾ ಹೋಗ್ತಾ ಮಳೆ ಕಡಿಮೆ, ಮುಳ್ಳುಕಂಟಿ ಜಾಸ್ತಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ಸೀಮೆಯನ್ನೆಲ್ಲ ಹಾದು ಬಾದಾಮಿ ಕಡೆ ಹೋಗಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ.

ಹಸಿರು ಕಾಡು ಕಂಡ ತಕ್ಷಣ "ಇಲ್ಲಿ ವನ್ಯಜೀವಿ ಇರುತ್ತೆ" ಅಂತ ನಮಗೆ ಅನಿಸುತ್ತೆ. ಜಿಲ್ಲೆಯ ಪಶ್ಚಿಮ ತುದಿಯ ಭೀಮಗಡ 2011ರಲ್ಲಿ ಅಭಯಾರಣ್ಯ ಆಯ್ತು, ಅದರ ಬಗ್ಗೆ ಆಗಾಗ ಓದ್ತೀವಿ. ಪೂರ್ವದ ಬೋಳು ಗುಡ್ಡ ಮಾತ್ರ ಯಾರ ಕಣ್ಣಿಗೂ ಕಾಡಿನ ತರ ಕಾಣಲ್ಲ. ಸರ್ಕಾರದ ದಾಖಲೆಯ ಭಾಷೆಯೂ ಹಾಗೇ ಇದೆ. ದೇಶದ 'ವೇಸ್ಟ್‌ಲ್ಯಾಂಡ್ ಅಟ್ಲಾಸ್' ಅಂತ ಒಂದು ಪುಸ್ತಕ ಇದೆ, ಉಪಗ್ರಹ ಚಿತ್ರಗಳನ್ನ ನೋಡಿ ತಯಾರಿಸಿದ್ದು. ಅದರ 2019ರ ಆವೃತ್ತಿ ಪ್ರಕಾರ ದೇಶದ ಸುಮಾರು ನೂರಕ್ಕೆ 17ರಷ್ಟು ನೆಲ 'ಪಾಳು'. ಕುರುಚಲು ನೆಲವೂ ಅದರಲ್ಲೇ ಬರುತ್ತೆ. ಕುರಿಗೆ ಅದು ಮೇವು, ತೋಳಕ್ಕೆ ಮನೆ, ಕಾಗದದಲ್ಲಿ ಮಾತ್ರ ಪಾಳು. ಪಾಳು ಅಂತ ಬರೆದ ಮೇಲೆ ಅಲ್ಲಿ ಏನು ಬೇಕಾದರೂ ಮಾಡಬಹುದು, ಯಾರೂ ಅಡ್ಡ ಬರಲ್ಲ.

ಇದರ ಪರಿಣಾಮ ನೋಡಬೇಕು ಅಂದ್ರೆ ರಾಣೆಬೆನ್ನೂರಿಗೆ ಹೋಗಬೇಕು. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಮಾಡಿದರು. ಆ ಹುಲ್ಲುಗಾವಲಿನ ದೊಡ್ಡ ಭಾಗದಲ್ಲಿ ನೀಲಗಿರಿ ನೆಟ್ಟಿದ್ದರು. ಕೃಷ್ಣಮೃಗ ಹೇಗೋ ಬದುಕಿತು. ನಮ್ಮ ಕಡೆ ಹಿರಿಯರು ಎರೆಭೂತ ಅಂತ ಕರೆಯುವ ದೊಡ್ಡ ಹಕ್ಕಿ, ಅಂದ್ರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಲ್ಲಿಂದ ಮಾಯವಾಯ್ತು. ಬಯಲಿಗೆ ಗಿಡ ನೆಡೋದು ಯಾವಾಗಲೂ ಪುಣ್ಯದ ಕೆಲಸ ಅಲ್ಲ. ವನಮಹೋತ್ಸವದ ದಿನ ನಮ್ಮ ಎನ್ನೆಸ್ಸೆಸ್ ಗೆಳೆಯರು ಇದಕ್ಕೆ ಬೈಯಬಹುದು, ಬೈಯಲಿ.

ತೋಳ: ಒಂದು ಸಣ್ಣ ಪರಿಚಯ

ಭಾರತೀಯ ತೋಳ ನಾವು ಸಿನಿಮಾದಲ್ಲಿ ನೋಡುವ ತೋಳಕ್ಕಿಂತ ಸಣ್ಣದು, ಸುಮಾರು 20 ಕಿಲೋ ತೂಕ, ಕಾಲು ಉದ್ದ, ಒಣಹುಲ್ಲಿನ ಬಣ್ಣ. ಹೆಣ್ಣು ಎರಡು ತಿಂಗಳು ಗರ್ಭ ಹೊತ್ತು ಚಳಿಗಾಲದ ಹೊತ್ತಿಗೆ ಗುಡ್ಡದ ಸಂದಿಯಲ್ಲೋ ಹಳ್ಳದ ದಂಡೆಯ ಬಿಲದಲ್ಲೋ ಮರಿ ಹಾಕುತ್ತೆ. 2021ರಲ್ಲಿ ಲಾರೆನ್ ಹೆನೆಲಿ ಮತ್ತು ಸಂಗಡಿಗರು ಇಡೀ ಜೀನೋಮ್ ಓದಿ ತೋರಿಸಿದ ಪ್ರಕಾರ ಇವತ್ತು ಬದುಕಿರುವ ತೋಳಗಳಲ್ಲಿ ತುಂಬಾ ಹಳೆಯ ಕವಲುಗಳಲ್ಲಿ ಇದೂ ಒಂದು. ಅಂದ್ರೆ ಯುರೋಪಿನ ತೋಳ ತಂದು ಇಲ್ಲಿ ಬಿಟ್ಟರೆ ಇದರ ಜಾಗ ತುಂಬಲ್ಲ.

ಎಷ್ಟಿವೆ? ದೇಶದಲ್ಲೆಲ್ಲ ಸೇರಿ ಸುಮಾರು 3,100 ಅಂತ ವಿಜ್ಞಾನಿಗಳ ಅಂದಾಜು. 2022ರ ಗಣತಿಯಲ್ಲಿ ಹುಲಿ 3,682 ಇದ್ದವು. ಹುಲಿಗಿಂತ ತೋಳ ಕಡಿಮೆ! ವನ್ಯಜೀವಿ ಕಾಯ್ದೆಯಲ್ಲಿ ಎರಡೂ ಮೊದಲನೇ ಶೆಡ್ಯೂಲಿನಲ್ಲೇ ಇವೆ. 2025ರಲ್ಲಿ ಐಯುಸಿಎನ್ ಭಾರತೀಯ ತೋಳವನ್ನ ಪ್ರತ್ಯೇಕವಾಗಿ ಪರಿಶೀಲಿಸಿ 'ವಲ್ನರಬಲ್', ಅಂದ್ರೆ ಅಪಾಯಕ್ಕೆ ಈಡಾದದ್ದು ಅಂತ ಗುರುತಿಸಿತು. ಆದರೂ ಹುಲಿಗೆ ಸಫಾರಿ, ಟೀಶರ್ಟು. ತೋಳಕ್ಕೆ ನಮ್ಮ ಗಾದೆ: ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು.

ಹಾಗಾದ್ರೆ ಒಂದು ಅಭಯಾರಣ್ಯ ಮಾಡಿದರೆ ಮುಗೀತಲ್ಲ ಅನ್ನಬಹುದು. ಮಾಡಿದಾರೆ. ಮಂಡ್ಯ ಜಿಲ್ಲೆಯ ಮೇಲುಕೋಟೆ ಅಭಯಾರಣ್ಯ 1974ರಲ್ಲಿ ಆಗಿದ್ದೇ ತೋಳಕ್ಕಾಗಿ, ಸುಮಾರು 50 ಚದರ ಕಿಲೋಮೀಟರ್. ಜಾರ್ಖಂಡಿನ ಮಹುಆಡಾಂಡ್ 1976ರದ್ದು, 63 ಚದರ ಕಿಲೋಮೀಟರ್. ಈಚೆಗೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಧಾಮ ಬಂದಿದೆ, ಸುಮಾರು 332 ಹೆಕ್ಟೇರ್. ರಾಮದುರ್ಗದ ಪಕ್ಕದ ಮುಧೋಳ ಮತ್ತು ಬೀಳಗಿ ತಾಲೂಕುಗಳಲ್ಲಿ 2016ರಲ್ಲಿ ಯಡಹಳ್ಳಿ ಚಿಂಕಾರ ಅಭಯಾರಣ್ಯ ಆಯ್ತು, 96.36 ಚದರ ಕಿಲೋಮೀಟರ್. ಚಿಂಕಾರದ ಜೊತೆ ಅಲ್ಲಿ ತೋಳವೂ ಇದೆ.

ಈಗ ಲೆಕ್ಕ ಮಾಡಿ. 332 ಹೆಕ್ಟೇರ್ ಅಂದ್ರೆ 3.32 ಚದರ ಕಿಲೋಮೀಟರ್. ದಖ್ಖನ್ನಿನ ಬಯಲಿನಲ್ಲಿ ತೋಳದ ಒಂದೇ ಹಿಂಡು ನೂರು, ನೂರೈವತ್ತು ಚದರ ಕಿಲೋಮೀಟರ್ ಸುತ್ತುತ್ತೆ. ಬಂಕಾಪುರ ಅದಕ್ಕೆ ಬಾಣಂತಿ ಕೋಣೆ ಇದ್ದ ಹಾಗೆ. ಮರಿ ಹಾಕಿ ಬೆಳೆಸೋಕೆ ಒಳ್ಳೆಯ ಜಾಗ, ಬಹಳ ಬೇಕಾದ ಜಾಗ. ಊಟಕ್ಕೆ ಮಾತ್ರ ಹೊರಗೆ ಬರಲೇಬೇಕು. ಹೊರಗೆ ಅಂದ್ರೆ ಹೊಲ, ಗಾಯರಾಣ, ಕುರಿ ಹಿಂಡು. ಹೀಗಾಗಿ ಒಂದು ತೋಳ ನಾಳೆ ಬದುಕಿರುತ್ತೋ ಇಲ್ಲವೋ ಅನ್ನೋದನ್ನ ಬಹುತೇಕ ಸಲ ತೀರ್ಮಾನ ಮಾಡೋದು ಫಾರೆಸ್ಟ್ ಗಾರ್ಡ್ ಅಲ್ಲ, ಕಂಬಳಿ ಹೊದ್ದುಕೊಂಡು ರಾತ್ರಿ ಕುರಿ ಕಾಯುವವನು. ಬಿಲ ಎಲ್ಲಿದೆ ಅಂತ ಅವನಿಗೆ ಗೊತ್ತು. ಬಿಲಕ್ಕೆ ಹೊಗೆ ಹಾಕಿ ಮರಿ ಕೊಲ್ಲೋದು ತೋಳ ಕಡಿಮೆಯಾಗಲು ಇರುವ ದೊಡ್ಡ ಕಾರಣಗಳಲ್ಲಿ ಒಂದು.

ಕುರಿಗಾರನ ಕಡೆಯಿಂದ

ಸುಗ್ಗಿ ಮುಗಿದ ಮೇಲೆ ನಮ್ಮ ದೊಡ್ಡಪ್ಪನ ಹೊಲದಲ್ಲಿ ಪ್ರತಿವರ್ಷ ಕುರಿ ತರಬಸ್ತಾರೆ. ಗೊತ್ತಿಲ್ಲದವರಿಗೆ: ಕುರಿಗಾರರು ತಮ್ಮ ಹಿಂಡನ್ನ ರಾತ್ರಿ ಹೊಲದಲ್ಲಿ ನಿಲ್ಲಿಸ್ತಾರೆ, ಹಿಕ್ಕೆ ಮತ್ತು ಉಚ್ಚೆ ಹೊಲಕ್ಕೆ ಗೊಬ್ಬರ, ಹೊಲದವರು ಅವರಿಗೆ ಕಾಳೋ ದುಡ್ಡೋ ಕೊಡ್ತಾರೆ. ಯೂರಿಯಾ ಚೀಲ ಬರುವ ಎಷ್ಟೋ ಮೊದಲಿನ ಅಗ್ರಿಮೆಂಟ್ ಇದು. ಹೋದ ಬೇಸಿಗೆ ರಜೆಯಲ್ಲಿ ಅಲ್ಲಿ ಬಂದಿದ್ದ ಹಿರಿಯ ಕುರಿಗಾರರೊಬ್ಬರನ್ನ "ಕಾಕಾ, ತ್ವಾಳ ಬರ್ತಾವೇನ್ರಿ ಈಗೂ?" ಅಂತ ಕೇಳಿದೆ.

"ಬರದ ಏನ್ ಮಾಡ್ತಾವ ತಮ್ಮಾ. ಒಂದ್ ಮರಿ ಒಯ್ದ್ರ ಅದರ ಪಾಲು ಅಂತ ಬಿಡ್ತೀವಿ. ಒಂದ ರಾತ್ರಿಗೆ ಏಳೆಂಟು ಕೊಂದು ಒಗದ್ರ, ಅದು ಯಾರ ಪಾಲು?"

ಇಡೀ ಸಮಸ್ಯೆ ಈ ಎರಡು ಮಾತಿನಲ್ಲಿದೆ ಅಂತ ನನಗನಿಸುತ್ತೆ. ಕುರುಬರಿಗೂ ತೋಳಕ್ಕೂ ಇರುವ ಸಂಬಂಧ ಬರೀ ದ್ವೇಷದ್ದಲ್ಲ. ಬೀರಪ್ಪನ ಒಕ್ಕಲಿಗೆ ಗುಡ್ಡ, ಕುರಿ, ತೋಳ ಎಲ್ಲ ಒಂದೇ ಲೋಕ. ಒಂದು ಮರಿ ಹೋದರೆ ಸಹಿಸುವ ಶಕ್ತಿ ಅವರಲ್ಲಿ ಇದೆ. ಕೂಡಿಟ್ಟ ಕುರಿದೊಡ್ಡಿಗೆ ತೋಳ ನುಗ್ಗಿದರೆ ಕುರಿಗಳು ಓಡೋಕೆ ಆಗದೆ ಗಾಬರಿ ಬೀಳ್ತಾವೆ, ತೋಳ ತಿನ್ನೋದಕ್ಕಿಂತ ಜಾಸ್ತಿ ಕೊಲ್ಲುತ್ತೆ. ಆ ಒಂದು ರಾತ್ರಿಯ ಪೆಟ್ಟು ಒಂದೇ ಮನೆ ಮೇಲೆ ಬೀಳುತ್ತೆ. ಮಗಳ ಮದುವೆಗೆ, ಮಗನ ಫೀಸಿಗೆ ಅಂತ ಇಟ್ಟುಕೊಂಡಿದ್ದ ಕುರಿಗಳವು.

ಪರಿಹಾರ ಇಲ್ಲ ಅಂತಲ್ಲ. ಕಾಡುಪ್ರಾಣಿ ಕೊಂದ ಜಾನುವಾರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಇದೆ. ಆಕಸ್ಮಿಕವಾಗಿ ಸತ್ತ ಕುರಿಮೇಕೆಗೆ ರಾಜ್ಯ ಸರ್ಕಾರದ 'ಅನುಗ್ರಹ' ಯೋಜನೆ ಇದೆ. ಇಂಥ ಪರಿಹಾರಕ್ಕೆಲ್ಲ ಸತ್ತ ಪ್ರಾಣಿ ಅಲ್ಲೇ ಇರಬೇಕು, ಪಂಚನಾಮೆ ಆಗಬೇಕು, ಪಶುವೈದ್ಯರ ಸರ್ಟಿಫಿಕೇಟ್ ಬೇಕು. ಒಂದೇ ಊರಲ್ಲಿ ದನ ಕಟ್ಟಿಕೊಂಡು ಇರುವವರಿಗೆ ಇದು ಹೊಂದುತ್ತೆ. ಇವತ್ತು ಮುನವಳ್ಳಿ, ಮೂರು ದಿನ ಬಿಟ್ಟು ಇನ್ನೊಂದು ತಾಲೂಕು ಅಂತ ನಡೆಯುತ್ತಲೇ ಇರುವ ಹಿಂಡಿಗೆ ಹೊಂದಲ್ಲ. ತೋಳ ಒಯ್ದ ಮರಿಯ ಹೆಣ ಸಿಗೋದೇ ಕಷ್ಟ. ಸಿಕ್ಕಿದರೂ ಆಫೀಸಿಗೆ ಓಡಾಡೋಕೆ ಹಿಂಡನ್ನ ಯಾರ ಕೈಯಲ್ಲಿ ಬಿಡ್ತಾನೆ?

ಕಿಬ್ಬರ್ ಎಂಬ ಹಳ್ಳಿ, ಮೈಸೂರಿನ ನಂಟು

ಇದೇ ಸಮಸ್ಯೆಯನ್ನ ಇನ್ನೂ ಕಠಿಣವಾದ ಜಾಗದಲ್ಲಿ ಬಿಡಿಸೋಕೆ ಹೊರಟ ಕಥೆ ಹಿಮಾಚಲದ ಸ್ಪಿತಿ ಕಣಿವೆಯಲ್ಲಿದೆ. ಕಿಬ್ಬರ್ ಅನ್ನೋ ಹಳ್ಳಿ, ಸುಮಾರು 4,200 ಮೀಟರ್ ಎತ್ತರ. ಅಲ್ಲಿನ ಖಳನಾಯಕ ಹಿಮಚಿರತೆ, ಜೊತೆಗೆ ತೋಳ. ಇದಕ್ಕೂ ಕರ್ನಾಟಕಕ್ಕೂ ಏನು ಸಂಬಂಧ ಅಂದ್ರೆ, ಅಲ್ಲಿ ಹಳ್ಳಿಯವರ ಜೊತೆ ಕೆಲಸ ಶುರು ಮಾಡಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಹುಟ್ಟಿದ್ದು 1996ರಲ್ಲಿ, ನಮ್ಮ ಮೈಸೂರಿನಲ್ಲಿ. ಅದರ ಸ್ಥಾಪಕರಲ್ಲಿ ಒಬ್ಬರಾದ ಚಾರುದತ್ತ ಮಿಶ್ರಾ ಅವರು 1990ರ ದಶಕದಲ್ಲಿ ಕಿಬ್ಬರಿನಲ್ಲಿ ಮನೆಮನೆಗೆ ಹೋಗಿ ಲೆಕ್ಕ ಬರೆದರು. ಹಳ್ಳಿಯವರು ಹೇಳಿದ ಪ್ರಕಾರ 18 ತಿಂಗಳಲ್ಲಿ ಅವರ ಜಾನುವಾರುಗಳಲ್ಲಿ ನೂರಕ್ಕೆ 18 ಕಾಡುಪ್ರಾಣಿಗೆ ಹೋಗಿದ್ದವು. ಸರಾಸರಿ ಒಂದು ಮನೆಗೆ ವರ್ಷಕ್ಕೆ 1.6 ಪ್ರಾಣಿ. ಆ ನಷ್ಟ ಅಲ್ಲಿನ ಒಬ್ಬ ಮನುಷ್ಯನ ವರ್ಷದ ಸರಾಸರಿ ಆದಾಯದ ಅರ್ಧದಷ್ಟು. 1997ರಲ್ಲಿ ಇದು ಪ್ರಕಟವಾಯ್ತು. ಇಷ್ಟು ಕಳಕೊಂಡವರಿಗೆ "ಹಿಮಚಿರತೆ ಎಷ್ಟು ಚಂದ ಅಲ್ವಾ" ಅಂತ ಭಾಷಣ ಮಾಡಿದರೆ ಏನಂದಾರು?

ಹಾಗಾಗಿ ಭಾಷಣ ಮಾಡಲಿಲ್ಲ, ಒಪ್ಪಂದ ಮಾಡಿಕೊಂಡರು. ಮೊದಲನೆಯದು ಮೇವಿನ ಒಪ್ಪಂದ: ಹಳ್ಳಿಯವರು ತಮ್ಮ ಹುಲ್ಲುಗಾವಲಿನಲ್ಲಿ ಸುಮಾರು 500 ಹೆಕ್ಟೇರನ್ನ ಕೆಲವು ವರ್ಷ ಮೇಯಿಸದೆ ಬಿಟ್ಟರು, ಅದಕ್ಕೆ ಹಳ್ಳಿಗೆ ಹಣ ಸಿಕ್ಕಿತು, ಕಾವಲಿಗೆ ಹಳ್ಳಿಯ ಹುಡುಗರನ್ನೇ ಇಟ್ಟರು. ಅಲ್ಲಿ ಭರಲ್ ಅನ್ನೋ ಕಾಡು ಮೇಕೆಯಂಥ ಪ್ರಾಣಿಯ ಸಂಖ್ಯೆ ಹೆಚ್ಚಿತು. ಹಿಮಚಿರತೆಯ ನಿಜವಾದ ಊಟ ಅದೇ.

ಎರಡನೆಯದು ಇನ್ಶೂರೆನ್ಸ್, 2002ರಲ್ಲಿ ಶುರುವಾದದ್ದು. ನಿಧಿಗೆ ಸೇರಿದ ಮನೆಯವರು ತಮ್ಮ ಜಾನುವಾರಿಗೆ ಇಷ್ಟು ಅಂತ ಪ್ರೀಮಿಯಂ ಕಟ್ತಾರೆ. ಮೊದಲ ವರ್ಷಗಳಲ್ಲಿ ಹೊರಗಿನಿಂದಲೂ ಸ್ವಲ್ಪ ದುಡ್ಡು ಬಂತು. ನಡೆಸೋದು ಹಳ್ಳಿಯ ಕಮಿಟಿ. ಪ್ರಾಣಿ ಸತ್ತರೆ ಹೋಗಿ ನೋಡಿ ನಿಜವಾ ಸುಳ್ಳಾ ಅಂತ ಹೇಳೋದೂ ಅದೇ ಕಮಿಟಿ. ಚೆನ್ನಾಗಿ ಕಾಯ್ದು ಕಡಿಮೆ ಕಳಕೊಂಡವರಿಗೆ ಬಹುಮಾನವೂ ಇಟ್ಟರು. ಇದರಲ್ಲಿ ನನಗೆ ಅತಿ ಬುದ್ಧಿವಂತಿಕೆ ಅನಿಸಿದ್ದು ಕಮಿಟಿಯ ಭಾಗ. ಸುಳ್ಳು ಕ್ಲೇಮ್ ಮಾಡಿದರೆ ಮೋಸ ಹೋಗೋದು ಎಲ್ಲೋ ಕೂತ ಕಂಪನಿ ಅಲ್ಲ, ಪಕ್ಕದ ಮನೆಯವರು. ಊರಲ್ಲಿ ಅದು ಮುಚ್ಚಿಡೋಕೆ ಆಗಲ್ಲ. ಯಾರ ಯಾಕ್ ಕಾಯಿಲೆಯಿಂದ ಸತ್ತಿತು ಅಂತ ಎಲ್ಲರಿಗೂ ಗೊತ್ತು.

ಹಿಮಚಿರತೆಯ ಲೋಕದಲ್ಲಿ ಇಂಥವು ಇನ್ನೂ ಇವೆ. ಮಂಗೋಲಿಯಾದಲ್ಲಿ ದನಗಾಹಿ ಹೆಂಗಸರು ಉಣ್ಣೆಯ ವಸ್ತು ಮಾಡಿ ಮಾರ್ತಾರೆ; ಆ ಪ್ರದೇಶದಲ್ಲಿ ಆ ವರ್ಷ ಒಂದೂ ಹಿಮಚಿರತೆಯನ್ನ ಕೊಲ್ಲದಿದ್ದರೆ ಎಲ್ಲರಿಗೂ ಬೋನಸ್. ಲಡಾಖಿನಲ್ಲಿ ಹೋಮ್‌ಸ್ಟೇ ನಡೆಸ್ತಾರೆ, ಕೊಟ್ಟಿಗೆಗಳಿಗೆ ಮೇಲೆ ಜಾಲರಿ ಹಾಕ್ತಾರೆ. 2024ರಲ್ಲಿ ಬಂದ ಮೊದಲ ರಾಷ್ಟ್ರೀಯ ಅಂದಾಜಿನಲ್ಲಿ ಭಾರತದಲ್ಲಿ 718 ಹಿಮಚಿರತೆ. ಅವೆಲ್ಲ ಈ ಕಮಿಟಿಗಳಿಂದಲೇ ಉಳಿದವು ಅನ್ನೋದು ಅತಿಯಾದೀತು. ಆದರೆ ಕೊಲ್ಲೋಕೆ ಕಾರಣ ಇದ್ದ ಜನ ಕೊಲ್ಲದೆ ಇರೋಕೆ ಒಂದು ಕಾರಣ ಸಿಕ್ಕಿತು ಅನ್ನೋದು ನಿಜ.

ಈಗ ಪ್ರಾಬಬಿಲಿಟಿ ಮಾಡ್ಯೂಲ್

ಇದನ್ನ ನಮ್ಮ ಗುಡ್ಡಕ್ಕೆ ಹಚ್ಚಿ ನೋಡೋಣ. ಕೆಳಗಿನ ಅಂಕಿಗಳು ಲೆಕ್ಕ ತಿಳಿಯೋಕೆ ನಾನು ಇಟ್ಟುಕೊಂಡವು, ಸರ್ವೆಯಲ್ಲಿ ಸಿಕ್ಕವಲ್ಲ.

ಸವದತ್ತಿ ಕಡೆಯ ಒಂದು ಗುಡ್ಡದ ಸುತ್ತ 40 ಕುರಿಗಾರ ಮನೆ, ತಲಾ 100 ಕುರಿ ಅಂತಿಟ್ಟುಕೊಳ್ಳಿ. ಒಟ್ಟು 4,000. ವರ್ಷಕ್ಕೆ ನೂರಕ್ಕೆ ಒಂದರಂತೆ 40 ಕುರಿ ತೋಳಕ್ಕೆ ಹೋಗ್ತಾವೆ. ಒಂದು ಕುರಿಗೆ 10,000 ರೂಪಾಯಿ ಹಿಡಿದರೆ ಒಟ್ಟು ನಷ್ಟ 4 ಲಕ್ಷ. ಸರಾಸರಿ ಮನೆಗೆ ಒಂದು ಕುರಿ. ಕಾಕಾ ಹೇಳಿದ 'ಅದರ ಪಾಲು' ಅಂದ್ರೆ ಇಷ್ಟೇ, ಇದನ್ನ ತಡ್ಕೋಬಹುದು.

ಆದರೆ ತೋಳ ಸರಾಸರಿ ನೋಡಿ ಬರಲ್ಲ. 33 ಮನೆಗೆ ಏನೂ ಆಗಲಿಲ್ಲ, 5 ಮನೆಯಲ್ಲಿ ನಾಲ್ಕು ನಾಲ್ಕು ಹೋದವು, 2 ಮನೆಯಲ್ಲಿ ಹತ್ತು ಹತ್ತು ಹೋದವು ಅಂತಿಟ್ಟುಕೊಳ್ಳಿ. ಒಟ್ಟು ಅದೇ 40, ಸರಾಸರಿ ಅದೇ 1. ವೇರಿಯನ್ಸ್ ತೆಗೀರಿ: ವರ್ಗಗಳ ಮೊತ್ತ 5×16 + 2×100 = 280; ಅದನ್ನ 40ರಿಂದ ಭಾಗಿಸಿದರೆ 7; ಸರಾಸರಿಯ ವರ್ಗ 1 ಕಳೆದರೆ 6. ಪಾಯ್ಸಾನ್ ಡಿಸ್ಟ್ರಿಬ್ಯೂಷನ್ ಆಗಿದ್ರೆ ಮೀನ್ ಮತ್ತು ವೇರಿಯನ್ಸ್ ಎರಡೂ ಒಂದೇ ಇರಬೇಕಿತ್ತು, ಅಲ್ವಾ? ಇಲ್ಲಿ ಆರು ಪಟ್ಟು ಇದೆ. ಯಾಕಂದ್ರೆ ಕುರಿಗಳು ಒಂದೊಂದಾಗಿ ಸಾಯಲ್ಲ, ಒಂದೇ ರಾತ್ರಿ ಗುಂಪಾಗಿ ಸಾಯ್ತಾವೆ. ಬಿಲಕ್ಕೆ ಹೊಗೆ ಹಾಕುವ ಸಿಟ್ಟು ಹುಟ್ಟೋದು ಮೀನ್‌ನಿಂದ ಅಲ್ಲ, ಈ ವೇರಿಯನ್ಸ್‌ನಿಂದ.

ಸ್ಟ್ಯಾಂಡರ್ಡ್ ಡೀವಿಯೇಷನ್ 6ರ ವರ್ಗಮೂಲ, ಸುಮಾರು 2.45 ಕುರಿ, ಅಂದ್ರೆ 24,500 ರೂಪಾಯಿ. 40 ಮನೆ ಕೂಡಿ ನಿಧಿ ಮಾಡಿದರೆ ತಲಾ ಹೊರೆಯ ಏರುಪೇರು ಇದನ್ನ 40ರ ವರ್ಗಮೂಲದಿಂದ ಭಾಗಿಸಿದಷ್ಟು: 24,500 ÷ 6.32, ಹೆಚ್ಚು ಕಡಿಮೆ 3,900 ರೂಪಾಯಿ. ತೋಳ ಒಂದು ಕುರಿಯನ್ನೂ ಕಡಿಮೆ ತಿಂದಿಲ್ಲ. ಆದರೂ ಒಂದು ಮನೆ ಮುಳುಗುವ ಅಪಾಯ ಹೋಯ್ತು.

ಪ್ರೀಮಿಯಂ ಕುರಿಗೆ ವರ್ಷಕ್ಕೆ 100 ರೂಪಾಯಿ. ಪೂರ್ತಿ ಬೆಲೆ ಕೊಡದೆ ನೂರಕ್ಕೆ 70 ಕೊಟ್ಟರೆ 70 ರೂಪಾಯಿ ಸಾಕು, ಮತ್ತು ಹಾಗೆ ಮಾಡೋದೇ ಒಳ್ಳೇದು. ಪೂರ್ತಿ ಕೊಟ್ಟರೆ ರಾತ್ರಿ ಕಾವಲು ಸಡಿಲಾಗುತ್ತೆ. ಹೊರಗಿನ ದುಡ್ಡು, ಅದು ಸರ್ಕಾರದ್ದಿರಲಿ ಸಿಎಸ್‌ಆರ್ ಇರಲಿ, ಎಲ್ಲಿಗೆ ಬೇಕು ಅನ್ನೋದೂ ಇಲ್ಲಿ ಗೊತ್ತಾಗುತ್ತೆ. ಪ್ರತಿವರ್ಷದ ಪ್ರೀಮಿಯಂಗೆ ಬೇಡ. ಕೆಟ್ಟ ವರ್ಷ ಬಂದರೆ ನಿಧಿ ಬರಿದಾಗದ ಹಾಗೆ ಒಂದು ಇಡುಗಂಟು ಬೇಕು. ಒಟ್ಟು ನಷ್ಟದ ಸ್ಟ್ಯಾಂಡರ್ಡ್ ಡೀವಿಯೇಷನ್ 2.45 × 6.32, ಸುಮಾರು 15 ಕುರಿ. ಅದರ ಎರಡು ಪಟ್ಟು ಇಟ್ಟುಕೊಂಡರೆ 3 ಲಕ್ಷ. ಒಂದೇ ಸಲ ಹಾಕಿದರೆ ಸಾಕು. ನಮ್ಮ ಟೆಕ್ ಫೆಸ್ಟ್‌ನ ಬಜೆಟ್ ಎಷ್ಟು ಅಂತ ಕಮಿಟಿಯವರನ್ನ ಕೇಳಿ ನೋಡಿ.

ಮ್ಯಾಥ್ಸ್ ಸರ್ ಇಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳ್ತಾರೆ: ಇಂಡಿಪೆಂಡೆಂಟ್ ಅಂತ ಹೇಗೆ ಹಿಡಿದೆ? ಹೌದು, ಒಂದೇ ಗುಡ್ಡದ 40 ಮನೆಗೂ ಒಂದೇ ತೋಳದ ಹಿಂಡು. ಒಂದು ಕಡೆ ಹೆಚ್ಚಾದ ವರ್ಷ ಎಲ್ಲ ಕಡೆ ಹೆಚ್ಚಾಗಬಹುದು. ಹಾಗಾಗಿ ಒಂದು ಊರಿನ ನಿಧಿಗಿಂತ ಸವದತ್ತಿ, ರಾಮದುರ್ಗ, ಬೈಲಹೊಂಗಲ ಮೂರೂ ಕಡೆಯವರು ಸೇರಿದ ನಿಧಿ ಗಟ್ಟಿ. ಆದರೆ ದೊಡ್ಡದಾದಷ್ಟೂ ಒಬ್ಬರನ್ನೊಬ್ಬರು ಗುರುತಿಸೋದು ಕಡಿಮೆ, ಸುಳ್ಳು ಕ್ಲೇಮ್ ಸುಲಭ. ಊರಿಗೊಂದು ಕಮಿಟಿ, ಇಡುಗಂಟು ಮಾತ್ರ ಎಲ್ಲರದ್ದು ಅನ್ನೋದು ನನಗೆ ಸರಿ ಕಾಣುತ್ತೆ.

ಕಿಬ್ಬರ್ ನಮಗೆ ಹೊಂದದ ಕಡೆ

ಕಿಬ್ಬರಿನಲ್ಲಿ ಹಳ್ಳಿ ನಿಂತಲ್ಲೇ ಇರುತ್ತೆ, ನಮ್ಮಲ್ಲಿ ಹಿಂಡು ನಡೆಯುತ್ತೆ. ಕಮಿಟಿ ಹೋಗಿ ನೋಡೋದು ಹೇಗೆ? ಇಲ್ಲಿ ಮೊಬೈಲ್ ಸಹಾಯಕ್ಕೆ ಬರುತ್ತೆ. ಸತ್ತ ಕುರಿಯ ಫೋಟೋ, ಜಾಗದ ಜಿಪಿಎಸ್, ಹತ್ತಿರ ತರಬಿದ ಇನ್ನಿಬ್ಬರು ಕುರಿಗಾರರ ಸಾಕ್ಷಿ ಸಾಕು. ಆ್ಯಪ್ ಮಾಡೋಕೆ ನಮ್ಮ ಮಿನಿ ಪ್ರಾಜೆಕ್ಟ್ ಟೀಮುಗಳಿಗೆ ಒಂದು ತಿಂಗಳ ಕೆಲಸ. ಅಟೆಂಡೆನ್ಸ್ ಆ್ಯಪ್ ಎಷ್ಟು ಸಲ ಮಾಡ್ತೀರಿ?

ಇನ್ನೊಂದು ದೊಡ್ಡ ವ್ಯತ್ಯಾಸ ನಾಯಿ. ನಮ್ಮ ಹಳ್ಳಿಗಳ ಸುತ್ತ ಬೀದಿನಾಯಿಗಳು ಗುಂಪಾಗಿ ಕುರಿ ಹಿಡೀತಾವೆ, ಹೆಸರು ತೋಳಕ್ಕೆ ಬರುತ್ತೆ. ನಾಯಿಯಿಂದ ತೋಳಕ್ಕೆ ರೇಬೀಸ್, ಡಿಸ್ಟೆಂಪರ್ ಹರಡುತ್ತೆ. ಎರಡೂ ಕೂಡಿ ಮಿಶ್ರತಳಿ ಹುಟ್ಟೋದೂ ಇದೆ. 2023ರಲ್ಲಿ ಪುಣೆ ಹತ್ತಿರ ಬಣ್ಣ ಬೇರೆಯಾಗಿ ಕಂಡ 'ತೋಳ'ಗಳನ್ನ ಹವ್ಯಾಸಿ ಆಸಕ್ತರು ಗುರುತಿಸಿದರು, ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ಏಟ್ರೀ ವಿಜ್ಞಾನಿಗಳು ಡಿಎನ್‌ಎ ನೋಡಿ ಅದು ತೋಳ-ನಾಯಿ ಮಿಶ್ರಣ ಅಂತ ಖಚಿತ ಮಾಡಿದರು. ನನ್ನ ಅಭಿಪ್ರಾಯದಲ್ಲಿ ನಿಧಿಯವರು ಮೊದಲ ಕೆಲವು ವರ್ಷ ನಾಯಿ ಕೊಂದ ಕುರಿಗೂ ದುಡ್ಡು ಕೊಡಬೇಕು. ಇಲ್ಲದಿದ್ದರೆ ನಾಯಿ ಕೊಂದದ್ದೆಲ್ಲ ಕಾಗದದಲ್ಲಿ ತೋಳವೇ ಕೊಂದದ್ದಾಗುತ್ತೆ, ಆ ಲೆಕ್ಕ ಒಂದು ದಿನ ತೋಳದ ಕುತ್ತಿಗೆಗೆ ಬರುತ್ತೆ.

ಬೇಟೆಪ್ರಾಣಿ ಹೆಚ್ಚಾದರೆ ತೋಳ ಕುರಿಗೆ ಬರಲ್ಲ ಅನ್ನೋದೂ ಅಷ್ಟು ಸರಳ ಇಲ್ಲ. ಸ್ಪಿತಿ ಮತ್ತಿತರ ಕಡೆ ಕುಲಭೂಷಣಸಿಂಗ್ ಸೂರ್ಯವಂಶಿ ಮತ್ತು ಸಂಗಡಿಗರು ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಡುಬೇಟೆ ಹೆಚ್ಚಾದಂತೆ ಹಿಮಚಿರತೆಯೂ ಹೆಚ್ಚಿ, ಒಂದು ಮಟ್ಟದವರೆಗೆ ಜಾನುವಾರು ಸಾವೂ ಹೆಚ್ಚಿತ್ತು. ನಾಳೆ ಯಡಹಳ್ಳಿಯಿಂದ ಈಚೆಗೆ ಚಿಂಕಾರ, ಕೃಷ್ಣಮೃಗ ಬೆಳೆದರೆ ತೋಳವೂ ಬೆಳೆಯುತ್ತೆ. ನಿಧಿ ಅದಕ್ಕಿಂತ ಮೊದಲೇ ಇರಬೇಕು, ಆಮೇಲೆ ಅಲ್ಲ.

ತೋಳದಿಂದ ಮನುಷ್ಯರಿಗೆ ಅಪಾಯವೇ ಇಲ್ಲ ಅಂತ ನಾನು ಬರೆಯಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್ ಜಿಲ್ಲೆಯಲ್ಲಿ ತೋಳದ ದಾಳಿಗೆ ಮಕ್ಕಳು ಸತ್ತರು. ಅಂಥದ್ದು ಅಪರೂಪ, ಆದರೆ ಆದ ಊರಿಗೆ ಅಪರೂಪ ಅನ್ನೋ ಮಾತು ಸಮಾಧಾನ ಕೊಡಲ್ಲ. ಹಾಗಾದಾಗ ಇಲಾಖೆ ಆ ಪ್ರಾಣಿಯನ್ನ ತಕ್ಷಣ ಹಿಡಿಯಲೇಬೇಕು.

ಎಲ್ಲಕ್ಕಿಂತ ದೊಡ್ಡದು ನೆಲದ ಪ್ರಶ್ನೆ. ಸವದತ್ತಿಯ ಗುಡ್ಡದ ಮೇಲೆ ಗಾಳಿಯಂತ್ರ ನಿಂತಿವೆ, ಪಂಪ್ಡ್ ಸ್ಟೋರೇಜ್ ಯೋಜನೆಯೂ ಬಂದಿದೆ. ನಮ್ಮಲ್ಲಿ ಎಷ್ಟೋ ಜನ ನಾಳೆ ಅಂಥ ಕಡೆಯೇ ಕೆಲಸಕ್ಕೆ ಸೇರ್ತೀವಿ, ನಾನೂ ಸೇರಬಹುದು. ಕರೆಂಟು ಬೇಡ ಅನ್ನೋಕೆ ಆಗಲ್ಲ. ಆದರೆ ಸೈಟ್ ಸರ್ವೆ ರಿಪೋರ್ಟಿನಲ್ಲಿ 'ಪಾಳು ನೆಲ' ಅಂತ ಒಂದು ಕಾಲಂ ತುಂಬುವ ಎಂಜಿನಿಯರ್ ಆ ನೆಲದಲ್ಲಿ ಯಾವ ತಿಂಗಳು ಯಾರ ಕುರಿ ಮೇಯ್ತಾವೆ, ಬಿಲ ಎಲ್ಲಿದೆ ಅಂತ ಒಂದು ಸಲ ಕೇಳಬಹುದು. ಉತ್ತರ ಹೇಳುವವನು ಅಲ್ಲೇ ಗುಡ್ಡದ ಮೇಲೆ ಇರ್ತಾನೆ.

ಕಾನೂನಿನಲ್ಲಿ ದಾರಿ ಇದೆ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು 'ಸಮುದಾಯ ಮೀಸಲು' ಅನ್ನೋ ವರ್ಗ ಸೇರಿಸಿದರು. ಜನರ ನೆಲ ಜನರದ್ದೇ ಆಗಿ ಉಳಿದು, ನಿರ್ವಹಣೆಯಲ್ಲಿ ಅವರೇ ಇರುವ ವ್ಯವಸ್ಥೆ ಇದು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು 2007ರಲ್ಲಿ ಹೀಗೆ ಆಯ್ತು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆ ಹಿತ್ತಲಿನ ಮರದಲ್ಲೇ ಗೂಡು ಕಟ್ತಾವೆ, ಹಕ್ಕಿಯ ಹಿಕ್ಕೆ ಹೊಲಕ್ಕೆ ಹೋಗುತ್ತೆ. ನಮ್ಮ ಕುರಿ ತರಬಸೋದಕ್ಕೆ ದೂರದ ನೆಂಟಸ್ತಿಕೆ! ಗ್ರಾಮ ಪಂಚಾಯ್ತಿಗಳಲ್ಲಿ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಗಾಯರಾಣದಲ್ಲಿ ತೋಳದ ಬಿಲ ಇದ್ದರೆ ಅದನ್ನ ಸಮಿತಿಯ ದಾಖಲಾತಿಯಲ್ಲಿ ಬರೆಸಬಹುದು. ಬಿಲದ ಜಾಗವನ್ನ ಮಾತ್ರ ಯಾರೂ ಇನ್‌ಸ್ಟಾಗ್ರಾಮಿಗೆ ಹಾಕಬೇಡಿ, ದಯವಿಟ್ಟು.

ಪ್ರೀಮಿಯಂ ಲೆಕ್ಕ ಹಾಕೋಕೆ ನಾನು ಇಟ್ಟುಕೊಂಡ 'ನೂರಕ್ಕೆ ಒಂದು' ಜಾಗದಲ್ಲಿ ನಿಜವಾದ ಅಂಕಿ ಬರಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯವರು ಕನ್ನಡ ಸಂಘದಲ್ಲೇ ಹತ್ತು ಹನ್ನೆರಡು ಜನ ಇದೀವಿ. ಈ ಸಲ ಊರಿಗೆ ಹೋದಾಗ ನಿಮ್ಮ ಹೊಲದಲ್ಲಿ ಕುರಿ ತರಬಿದವರನ್ನ ಐದು ವಿಷಯ ಕೇಳಿ ಬರೆದುಕೊಂಡು ಬನ್ನಿ: ಹಿಂಡಿನಲ್ಲಿ ಎಷ್ಟು ಕುರಿ, ಹೋದ ವರ್ಷ ಎಷ್ಟು ಹೋದವು, ಎಷ್ಟು ರಾತ್ರಿಗಳಲ್ಲಿ ಹೋದವು, ಯಾವ ತಿಂಗಳು, ತೋಳವೋ ನಾಯಿಯೋ ಅಂತ ಹೇಗೆ ಗುರುತಿಸಿದರು. ಮೂರನೆಯ ಪ್ರಶ್ನೆ ಬಿಡಬೇಡಿ, ವೇರಿಯನ್ಸ್ ಸಿಗೋದು ಅದರಿಂದಲೇ. ಕೇಳುವಾಗ ಹೆಸರು ಬರೆದುಕೊಳ್ಳೋದು ಬೇಡ, ಊರು ಸಾಕು. ಸಂಜೆ ಹೊತ್ತು ಹೋಗಬೇಡಿ, ಅವರು ಹಿಂಡು ಕೂಡಿಸುವ ಗಡಿಬಿಡಿಯಲ್ಲಿರ್ತಾರೆ. ಮಧ್ಯಾಹ್ನ ಗಿಡದ ನೆರಳಲ್ಲಿ ಕೂತಾಗ ಹೋಗಿ.